ಮನೆಯ ಮುಂದಿನ ಆವರಣ: ಶಹಾಬಾದ್ ಕಲ್ಲೋ, ಕಬ್ಬಿಣದ ಗ್ರಿಲ್ಲೋ?

ಕಲಬುರಗಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಆಳವಿಲ್ಲದ ಪಾಯದ ಮೇಲೆ ಉದ್ದಕ್ಕೆ ಒಂದೇ ಸಮನೆ ಎಬ್ಬಿಸಿದ ಇಟ್ಟಿಗೆಯ ಕಾಂಪೌಂಡ್ ಗೋಡೆ, ವಿನ್ಯಾಸ ಎಷ್ಟೇ ಅಂದವಾಗಿದ್ದರೂ, ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಆದ್ದರಿಂದ ಆಯ್ಕೆ ಉಳಿಯುವುದು ಮುಖ್ಯವಾಗಿ ಎರಡು.

ಜಿಲ್ಲೆಯಲ್ಲೇ ಸಿಗುವ ಶಹಾಬಾದ್ ಸುಣ್ಣಕಲ್ಲಿನ ದಪ್ಪ ಚಪ್ಪಡಿಗಳನ್ನು ನಡುವೆ ಸಂದು ಬಿಟ್ಟು ನೆಟ್ಟಗೆ ನಿಲ್ಲಿಸಿದರೆ, ನೆಲ ಅಲುಗಿದಾಗ ಒಂದೆರಡು ಕಲ್ಲುಗಳು ವಾಲಬಹುದೇ ಹೊರತು ಇಡೀ ಸಾಲು ಸೀಳುವುದಿಲ್ಲ. ವಾಲಿದ್ದನ್ನಷ್ಟೇ ಎತ್ತಿ ಮತ್ತೆ ನಿಲ್ಲಿಸಬಹುದು. ಬಣ್ಣ ಬಳಿಯುವ ಖರ್ಚೂ ಇಲ್ಲ. ಆದರೆ ವಾಹನ ತಗುಲಿದರೆ ಚಪ್ಪಡಿ ಮುರಿಯುತ್ತದೆ, ಮತ್ತು ಸುಣ್ಣಕಲ್ಲಾದ ಕಾರಣ ಅದನ್ನು ಆಸಿಡ್ ಹಾಕಿ ತೊಳೆಯಲೇಬಾರದು.

ಮೊಣಕಾಲೆತ್ತರದ ಕಟ್ಟೆಯ ಮೇಲೆ ಕೂಡಿಸುವ ಕಬ್ಬಿಣದ ಗ್ರಿಲ್ ಹೆಚ್ಚು ಆಧುನಿಕವಾಗಿ ಕಾಣುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಅಂಗಳಕ್ಕೆ ಗಾಳಿಯನ್ನೂ ಬಿಡುತ್ತದೆ. ಇಂದು ಜನಪ್ರಿಯವಾಗಿರುವ ಅಡ್ಡಪಟ್ಟಿಗಳ ಮೇಲೆ ಮಕ್ಕಳು ಸುಲಭವಾಗಿ ಹತ್ತುತ್ತಾರಾದ್ದರಿಂದ, ಚಿಕ್ಕವರಿರುವ ಮನೆಗೆ ಉದ್ದಪಟ್ಟಿಯೇ ಕ್ಷೇಮ. ತುಕ್ಕು ಹಿಡಿಯದಂತೆ ಆಗಾಗ ಪ್ರೈಮರ್ ಮತ್ತು ಬಣ್ಣ ಬೇಕಾಗುತ್ತದೆ. ಪಟ್ಟಿಗಳ ಬದಲು ಹಾಕುವ ಲೇಸರ್ ಕಟಿಂಗ್ ಶೀಟು (ಲೇಸರ್‌ನಿಂದ ವಿನ್ಯಾಸ ಕೊರೆದ ಲೋಹದ ತಗಡು) ಮರೆಯನ್ನು ಕೊಟ್ಟರೂ ಬಿಸಿಲಿಗೆ ಕಾದು, ಗಾಳಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ.

ಎರೆನೆಲದ ನಿವೇಶನಕ್ಕೆ, ಮರೆ ಬೇಕೆನ್ನುವವರಿಗೆ, ನಾನು ಕಲ್ಲನ್ನೇ ಸೂಚಿಸುತ್ತೇನೆ. ರಸ್ತೆ ಕಿರಿದಾಗಿ ವಾಹನಗಳು ಒತ್ತಿಕೊಂಡೇ ಸಾಗುವ ಕಡೆ ಗ್ರಿಲ್ ಸರಿ.