ತಪಾಸಣೆ ಆಗದೆ ಟ್ರೆಂಚ್ ಮುಚ್ಚಲು ಬಿಡಬೇಡಿ

ಡೇಟಾ ಸೆಂಟರ್ ಕಟ್ಟುವ ಕಡೆ ಕೇಬಲ್ ಕೆಲಸಕ್ಕೆ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಕರೆಂಟ್ ಕೇಬಲ್ ಎಳೆಯುವ ತಂಡ. ನೆಲದಲ್ಲಿ ಟ್ರೆಂಚ್, ಅಂದರೆ ಉದ್ದನೆ ಗುಂಡಿ ಅಗೆದು, ಕೇಬಲ್ ಹಾಯಿಸುವ ಪೈಪು ಹಾಕಿ, ಕಾಂಕ್ರೀಟ್ ಸುರಿದು ಮುಚ್ಚಿಕೊಡುವ ಕೆಲಸ ಬೇರೆ ಗುತ್ತಿಗೆದಾರರದ್ದು. ಮಳೆ ಬರುತ್ತೆ ಅಂತ ಹೇಳಿ ಅವರು ರಾತ್ರೋರಾತ್ರಿ ಟ್ರೆಂಚ್ ಮುಚ್ಚಿಬಿಟ್ಟರು. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಮೇಲೆ ರೋಲರ್ ಕೂಡ ಓಡಿಸಿಯಾಗಿತ್ತು. ತಪಾಸಣೆ ಯಾವಾಗ ಆಯ್ತು ಅಂತ ಕೇಳಿದರೆ ಮೊಬೈಲಿನಲ್ಲಿ ಕೆಲವು ಫೋಟೊ ತೋರಿಸಿದರು. ಒಂದರಲ್ಲೂ ಅಳತೆ ಟೇಪ್ ಇಲ್ಲ. ಯಾವ ಜಾಗ ಅನ್ನೋ ಗುರುತೂ ಇಲ್ಲ.

ಪೈಪಿನೊಳಗೆ ಮ್ಯಾಂಡ್ರೆಲ್ ಎಳೆದು ನೋಡಿದೆವು. ಅದು ಪೈಪಿನ ಒಳ ಅಳತೆಗಿಂತ ತುಸು ಸಣ್ಣದಾದ ಗಟ್ಟಿ ತುಂಡು. ಈ ತುದಿಯಿಂದ ಆ ತುದಿಗೆ ಸರಾಗವಾಗಿ ಹೋಗಬೇಕು. ಹಲವು ಪೈಪುಗಳಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತು. ಮತ್ತೆ ಅಗೆಸದೆ ಬೇರೆ ದಾರಿ ಇರಲಿಲ್ಲ.

ಪಿವಿಸಿ ಪೈಪು ಹಗುರ, ಹಸಿ ಕಾಂಕ್ರೀಟಿನಲ್ಲಿ ಮೇಲಕ್ಕೆ ತೇಲುತ್ತದೆ. ಅದಕ್ಕೇ ಪೈಪುಗಳ ನಡುವೆ ಅಂತರ ಹಿಡಿದಿಡುವ ಸ್ಪೇಸರ್ ಇಟ್ಟು ಕೆಳಕ್ಕೆ ಬಿಗಿದು ಕಟ್ಟಬೇಕು. ಇವರು ಅಲ್ಲೊಂದು ಇಲ್ಲೊಂದು ಸ್ಪೇಸರ್ ಇಟ್ಟಿದ್ದರು, ಕಟ್ಟಿರಲೇ ಇಲ್ಲ. ಪೈಪುಗಳು ಮೇಲೆದ್ದು ಒಂದಕ್ಕೊಂದು ತಾಗಿ ನಿಂತಿದ್ದವು. ಕೆಲವು ಕಡೆ ಜಾಯಿಂಟ್ ಬಿಟ್ಟು ಕಾಂಕ್ರೀಟ್ ಒಳಗೆ ನುಗ್ಗಿತ್ತು. ಕೇಬಲ್ ಎಳೆಯಲು ಆಗಲ್ಲ ಅನ್ನೋದಷ್ಟೇ ತೊಂದರೆ ಅಲ್ಲ. ಡೇಟಾ ಸೆಂಟರಿನ ಲೋಡ್, ಅಂದರೆ ಅದು ಎಳೆಯುವ ಕರೆಂಟ್, ಹಗಲೂ ರಾತ್ರಿ ಹೆಚ್ಚು ಕಡಿಮೆ ಒಂದೇ ಸಮ ಇರುತ್ತದೆ. ಕೇಬಲ್ ತಣ್ಣಗಾಗಲು ಬಿಡುವೇ ಸಿಗುವುದಿಲ್ಲ. ಆ ಬಿಸಿಗೆ ಸುತ್ತಲಿನ ಮಣ್ಣು ಒಣಗುತ್ತದೆ, ಒಣಗಿದ ಮಣ್ಣು ಬಿಸಿಯನ್ನು ಇನ್ನೂ ಕಡಿಮೆ ಸಾಗಿಸುತ್ತದೆ. ಪೈಪುಗಳ ನಡುವೆ ಅಂತರವೂ ಇಲ್ಲದಿದ್ದರೆ ಲೆಕ್ಕ ಹಾಕಿದಷ್ಟು ಕರೆಂಟನ್ನು ಆ ಕೇಬಲ್ ಹೊರಲಾರದು.

ನನಗೆ ಜಾಸ್ತಿ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಒಂದು ಲೈನ್ ತುಂಡಾದರೂ ಇನ್ನೊಂದು ನಡೆಯಲಿ ಅಂತಲೇ ಎ, ಬಿ ಅಂತ ಕರೆಂಟ್ ತರುವ ಎರಡು ಫೀಡ್ ಇರೋದು, ಅಲ್ವಾ? ಡ್ರಾಯಿಂಗಿನಲ್ಲಿ ಎರಡಕ್ಕೂ ಬೇರೆ ಬೇರೆ ಟ್ರೆಂಚ್ ಇತ್ತು. ಬಂಡೆ ಅಡ್ಡ ಬಂದ ಕಡೆ ಬಿ ಪೈಪುಗಳನ್ನು ಎ ಟ್ರೆಂಚಿಗೇ ತಂದು ಮಲಗಿಸಿದ್ದರು. ಯಾರಿಗೂ ಹೇಳಿರಲಿಲ್ಲ. ಮುಂದೆ ಯಾವತ್ತೋ ಜೆಸಿಬಿ ಹಲ್ಲು ತಾಗಿದರೆ ಎರಡೂ ಒಟ್ಟಿಗೆ ಹೋಗುತ್ತಿದ್ದವು.

ಮರಳಿ ಅಗೆಯುವುದು ಮೊದಲಿಗಿಂತ ಅಪಾಯ. ಒಮ್ಮೆ ಅಗೆದು ತುಂಬಿದ ಮಣ್ಣಿಗೆ ಹಿಡಿತ ಇರುವುದಿಲ್ಲ. ಆದರೂ ಅವರು ಗೋಡೆಗೆ ಆಸರೆ ಕೊಡದೆ ಹುಡುಗರನ್ನು ಇಳಿಸಲು ಹೊರಟರು. ನಮ್ಮ ಮೇಸ್ತ್ರಿ ಅಡ್ಡ ನಿಂತರು. ಸ್ವಲ್ಪ ಹೊತ್ತಿನಲ್ಲೇ ಒಂದು ಬದಿ ಕುಸಿಯಿತು. ಒಂದು ಘನ ಮೀಟರ್ ಮಣ್ಣು ಸಾಮಾನ್ಯವಾಗಿ 1.5 ಟನ್‌ಗಿಂತ ಹೆಚ್ಚು ತೂಗುತ್ತದೆ. ಎದೆವರೆಗೆ ಹೂತರೂ ಉಸಿರಾಡಲು ಆಗದೆ ಜೀವ ಹೋಗಬಹುದು. 1.5 ಮೀಟರ್ ಆಳ ಆದಮೇಲೆ ಆಸರೆ ಇಲ್ಲದೆ ಯಾರನ್ನೂ ಇಳಿಸಬೇಡಿ. ಸಡಿಲ ಮಣ್ಣಾದರೆ ಅದಕ್ಕಿಂತ ಕಡಿಮೆ ಆಳದಲ್ಲೂ ಬೇಡ. ತೆಗೆದ ಮಣ್ಣನ್ನು ಅಂಚಿನಿಂದ ಸಾಕಷ್ಟು ದೂರ ಹಾಕಿಸಿ.

ಮರು ಅಗೆತದ ಖರ್ಚು ಯಾರದ್ದು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ಈಗ ಕೆಲಸ ಒಪ್ಪುವ ಮುಂಚೆಯೇ ಬರೆಸಿಕೊಳ್ಳುತ್ತೇವೆ: ಕಾಂಕ್ರೀಟ್ ಸುರಿಯುವ ಮುಂಚೆ ನಮ್ಮ ಕಡೆಯವರು ನಿಂತು ನೋಡಬೇಕು, ಟ್ರೆಂಚ್ ತೆರೆದಿರುವಾಗಲೇ ಸರ್ವೆ ಅಳತೆ ತೆಗೆಯಬೇಕು, ಮಣ್ಣು ತುಂಬಿದ ಮೇಲೆ ಪ್ರತಿ ಪೈಪಿಗೂ ಮ್ಯಾಂಡ್ರೆಲ್ ಹಾಯಿಸಿ ಸಹಿ ಮಾಡಬೇಕು. ಅಲ್ಲಿಯವರೆಗೆ ಕೇಬಲ್ ಡ್ರಮ್ಮುಗಳನ್ನು ಸೈಟಿಗೆ ತರಿಸಬೇಡಿ. ಡ್ರಮ್ ಬಂದು ಕೂತರೆ ಸಾಕು, ಎಲ್ಲರೂ ಸುಮ್ನೆ ಎಳೆದುಬಿಡಿ ಅಂತ ನಿಮ್ಮ ಮೇಲೇ ಬೀಳುತ್ತಾರೆ.