ಬಸವನಗುಡಿಯ ಪುಟ್ಟ ಸಭಾಂಗಣದಲ್ಲಿ ‘ಡಬಲ್ ಇಂಡೆಮ್ನಿಟಿ’

ನ್ವಾರ್ ಚಿತ್ರಗಳಿಗೆ, ಅಂದರೆ ನೆರಳು ತುಂಬಿದ ಹಳೆಯ ಅಪರಾಧ ಕಥೆಯ ಚಿತ್ರಗಳಿಗೆ, ಕತ್ತಲೇ ಬಂಡವಾಳ. ಬೆಳಕಿರುವ ಕೋಣೆಯ ಟಿವಿಯಲ್ಲಿ ಅದು ಮಬ್ಬು ಬೂದಿಯಾಗಿಬಿಡುತ್ತದೆ. ಇಲ್ಲಿನ ಪರದೆಯ ಮೇಲೆ ಕಪ್ಪು ಕಪ್ಪಾಗಿಯೇ ಉಳಿಯಿತು. ಬಿಲ್ಲಿ ವೈಲ್ಡರ್ ನಿರ್ದೇಶಿಸಿದ 1944ರ ಈ ಚಿತ್ರಕ್ಕೆ ಜಾನ್ ಸೈಟ್ಜ್ ಛಾಯಾಗ್ರಹಣವಿದೆ. ನಾಯಕಿಯ ಮನೆಯ ನಡುಮನೆಯಲ್ಲಿ ಕಿಟಕಿಪಟ್ಟಿಗಳಿಂದ ಗೋಡೆ ಮೇಲೆ ಬೀಳುವ ನೆರಳಿನ ಗೆರೆ, ಬಿಸಿಲುಕೋಲಿನಲ್ಲಿ ತೇಲುವ ಧೂಳು (ಅದು ಲೋಹದ ಪುಡಿ ತೂರಿ ಮಾಡಿದ್ದು) ಎಲ್ಲವೂ ಬಿಡಿಬಿಡಿಯಾಗಿ ಕಂಡವು. ಅದೊಂದು ದೃಶ್ಯಕ್ಕೇ ಟಿಕೆಟ್ ದುಡ್ಡು ಸಾರ್ಥಕ.

ಚಿತ್ರದ ಅಗಲ-ಎತ್ತರದ ಅನುಪಾತ 1.37:1, ಹೆಚ್ಚುಕಡಿಮೆ ಚೌಕ. ಅಗಲದ ಪರದೆ ತುಂಬಲೆಂದು ಎಳೆದರೆ ಮುಖಗಳು ಊದಿಕೊಳ್ಳುತ್ತವೆ, ಮೇಲೆ ಕೆಳಗೆ ಕತ್ತರಿಸಿದರೆ ಟೋಪಿಗಳೇ ಮಾಯ. ಇಲ್ಲಿ ಎರಡೂ ಬದಿಗೆ ಕಪ್ಪು ಬಟ್ಟೆ ಎಳೆದಿದ್ದರು. ಪ್ರೊಜೆಕ್ಟರ್‌ನಿಂದ ಅಂಚಿಗೆ ಸೋರುವ ಬೂದು ಬೆಳಕನ್ನು ಅದು ನುಂಗುತ್ತದೆ. ಈ ಕಷ್ಟ ಎಲ್ಲರೂ ತೆಗೆದುಕೊಳ್ಳುವುದಿಲ್ಲ. ಮೋನೋ (ಒಂದೇ ವಾಹಿನಿಯ) ಧ್ವನಿಯನ್ನು ನಡುವಿನ ಸ್ಪೀಕರ್‌ನಿಂದಷ್ಟೇ ಬಿಟ್ಟಿದ್ದರಿಂದ ನಾಯಕ ಡಿಕ್ಟಾಫೋನಿಗೆ (ಮಾತು ದಾಖಲಿಸುವ ಯಂತ್ರ) ಹೇಳುವ ತಪ್ಪೊಪ್ಪಿಗೆ ಸ್ಪಷ್ಟವಾಗಿ ಕೇಳಿತು.

ಕೊರತೆ ಬಾಗಿಲಿನದು. ತಡವಾಗಿ ಬಂದವರು ಅದನ್ನು ತೆರೆದಾಗಲೆಲ್ಲ ಕಾರಿಡಾರಿನ ಟ್ಯೂಬ್‌ಲೈಟ್ ಪರದೆಗೆ ಬಡಿದು ನೆರಳೆಲ್ಲ ತೊಳೆದುಹೋಗುತ್ತದೆ. ಬಾಗಿಲ ಒಳಗೆ ಒಂದು ದಪ್ಪ ಬಟ್ಟೆ ನೇತುಹಾಕಿದರೆ ಸಾಕು, ದಯವಿಟ್ಟು ಹಾಕಿಸಿ.

ಕೂರಲು ನಾಲ್ಕನೇ ಅಥವಾ ಐದನೇ ಸಾಲಿನ ನಡುಭಾಗ ಒಳ್ಳೆಯದು. ಚೌಕ ಚಿತ್ರ ಹಿಂದಿನಿಂದ ಚಿಕ್ಕದಾಗಿ ಕಾಣುತ್ತದೆ. ಅವಧಿ 107 ನಿಮಿಷ, ಮಧ್ಯಂತರವಿಲ್ಲ. ಗಾಡಿ ನಿಲ್ಲಿಸಲು ಜಾಗ ಕಡಿಮೆ, ನ್ಯಾಷನಲ್ ಕಾಲೇಜು ಮೆಟ್ರೋದಲ್ಲಿ ಇಳಿದು ನಡೆದು ಬನ್ನಿ.