ಡಾರ್ಕ್‌ಟೇಬಲ್ಲಾ, ರಾಥೆರಪಿಯಾ? ಹೊಸ ಕ್ಯಾಮೆರಾ ಕೊಂಡು ಗುಲಾಬಿ ಮೋಡ ನೋಡಿದ ಮೇಲೆ

ಡಾರ್ಕ್‌ಟೇಬಲ್, ರಾಥೆರಪಿ ಎರಡೂ ರಾ ಫೈಲನ್ನು, ಅಂದ್ರೆ ಕ್ಯಾಮೆರಾ ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸಿದ ಫೋಟೋ ಫೈಲನ್ನು, ತಿದ್ದುವ ಪ್ರೋಗ್ರಾಮುಗಳು. ಕ್ಯಾಮೆರಾ ಕೊಳ್ಳುವ ಮೊದಲು ಒಂದು ಕೆಲಸ ಮಾಡಬೇಕಿತ್ತು. ಅದರ ರಾ ಫೈಲು ಒಂದನ್ನು ಎಲ್ಲಿಂದಲಾದರೂ ತಂದು ನನ್ನ ಲಿನಕ್ಸ್‌ನಲ್ಲಿ ತೆರೆದು ನೋಡಬೇಕಿತ್ತು. ಮಾಡಲಿಲ್ಲ. ಮಾರುಕಟ್ಟೆಗೆ ಬಂದು ಎರಡೇ ತಿಂಗಳಾಗಿದ್ದ ಕ್ಯಾಮೆರಾ ಅದು. ಮೊದಲ ದಿನವೇ ನಾನ್ನೂರು ಫೋಟೋ ತೆಗೆದು, ಡಾರ್ಕ್‌ಟೇಬಲ್ ತೆರೆದರೆ ಸಾಲಾಗಿ ನಾನ್ನೂರು ತಲೆಬುರುಡೆ. ಮಾತಿಗೆ ಹೇಳ್ತಿಲ್ಲ. ಓದಲಾಗದ ಫೈಲಿನ ಜಾಗದಲ್ಲಿ ಅದು ನಿಜವಾಗಿಯೂ ತಲೆಬುರುಡೆಯ ಚಿತ್ರವನ್ನೇ ತೋರಿಸಿತು.

ಅವೇ ಫೈಲುಗಳನ್ನು ರಾಥೆರಪಿ ತೆರೆಯಿತು. ಬಣ್ಣ ಕೆಟ್ಟಿತ್ತು, ಆದರೂ ತೆರೆಯಿತು. ಆವತ್ತು ಸಂಜೆಯಿಂದ ನಾನು ರಾಥೆರಪಿ ಕಡೆಯವನು. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಈ ವ್ಯತ್ಯಾಸಕ್ಕೆ ಕಾರಣ ಇದೆ. ಡಾರ್ಕ್‌ಟೇಬಲ್ ಮುಖ್ಯವಾಗಿ ರಾ ಫೈಲು ಓದಿಕೊಡುವ ರಾಸ್ಪೀಡ್ ಎಂಬ ಲೈಬ್ರರಿಯನ್ನು (ಬೇರೆ ಪ್ರೋಗ್ರಾಮುಗಳು ಬಳಸುವ ಸಿದ್ಧ ಕೋಡ್) ನಂಬಿದೆ. ಅದರ ಬಳಿ ಕ್ಯಾಮೆರಾಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ರಾಥೆರಪಿ ಡಿಸಿರಾ ಎಂಬ ರಾ ಫೈಲು ಬಿಡಿಸುವ ಪ್ರೋಗ್ರಾಮಿನ ವಂಶದ್ದು. ಡೇವ್ ಕಾಫಿನ್ 1997ರಲ್ಲಿ ಶುರು ಮಾಡಿದ ಆ ಪುಟ್ಟ ಪ್ರೋಗ್ರಾಮಿಗೆ 2018ರ ನಂತರ ಹೊಸ ಆವೃತ್ತಿ ಬಂದಿಲ್ಲ. ರಾಥೆರಪಿಯವರು 2024ರ 5.11 ಆವೃತ್ತಿಯಿಂದ ಲಿಬ್‌ರಾ ಲೈಬ್ರರಿಯನ್ನೂ ಸೇರಿಸಿಕೊಂಡಿದ್ದಾರೆ. ಗೊತ್ತಿಲ್ಲದ ಕ್ಯಾಮೆರಾ ಬಂದರೂ ಫೈಲಿನ ರಚನೆ ಪರಿಚಯದ್ದಾಗಿದ್ದರೆ ರಾಥೆರಪಿ ಕೈಲಾದಷ್ಟು ಬಿಡಿಸಿ ಮುಂದಿಡುತ್ತದೆ.

ಇನ್ನು ಆ ಕೆಟ್ಟ ಬಣ್ಣದ ಕಥೆ. ಎರಡು ರಾತ್ರಿ ತಿಂದ ಕಥೆ ಇದು. ಮೋಡಗಳೆಲ್ಲ ಗುಲಾಬಿ. ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಅಂದುಕೊಂಡು ಸುಮ್ನೆ ಎಳೆದಾಡಿದೆ. ಮೋಡ ಸರಿಯಾದರೆ ಹುಲ್ಲು ಕೆಡುತ್ತಿತ್ತು. ತಪ್ಪು ಬೇರೆ ಕಡೆ ಇತ್ತು. 14 ಬಿಟ್ ಫೈಲಿನಲ್ಲಿ ಒಂದು ಪಿಕ್ಸೆಲ್‌ನ ಅಂಕಿ 0ಯಿಂದ 16383ರವರೆಗೆ ಹೋಗಬಹುದು. ನನ್ನ ಕ್ಯಾಮೆರಾದ ಸೆನ್ಸರ್ ಅಷ್ಟು ದೂರ ಹೋಗುವುದೇ ಇಲ್ಲ, 15,800ರ ಆಸುಪಾಸಿನಲ್ಲೇ ತುಂಬಿ ನಿಲ್ಲುತ್ತದೆ. ಇದು ರಾಥೆರಪಿಗೆ ಗೊತ್ತಿಲ್ಲ, 16383 ಮುಟ್ಟಿದರೆ ಮಾತ್ರ ತುಂಬಿತು ಅಂದುಕೊಳ್ಳುತ್ತದೆ. ಮೋಡದ ಬಿಳಿ ಜಾಗದಲ್ಲಿ ಕೆಂಪು, ಹಸಿರು, ನೀಲಿ ಮೂರೂ ತುಂಬಿವೆ. ವೈಟ್ ಬ್ಯಾಲೆನ್ಸ್ ಕೆಂಪು, ನೀಲಿಯನ್ನು ಹಿಗ್ಗಿಸಿ ಮೇಲಿನ ಮಿತಿ ಮುಟ್ಟಿಸುತ್ತದೆ. ಹಸಿರು ಮಾತ್ರ ಸ್ವಲ್ಪ ಕೆಳಗೇ ಉಳಿಯುತ್ತದೆ. ಹಸಿರು ಕಮ್ಮಿಯಾದ ಬಿಳಿ ಅಂದ್ರೆ ಗುಲಾಬಿಯೇ ಅಲ್ವಾ?

ಮದ್ದು ಒಂದು ಟೆಕ್ಸ್ಟ್ ಫೈಲಿನಲ್ಲಿತ್ತು. ಹೆಸರು ಕ್ಯಾಮ್‌ಕಾನ್ಸ್ಟ್. ನಮ್ಮದೇ ಸೆಟ್ಟಿಂಗ್ಸ್ ಫೋಲ್ಡರಿನಲ್ಲಿ ಆ ಹೆಸರಿನ ಫೈಲಿಟ್ಟು ಕ್ಯಾಮೆರಾದ ಹೆಸರು, ಬಿಳಿಯ ಮಿತಿ, ಬಣ್ಣದ ಒಂಬತ್ತು ಅಂಕಿ ಬರೆದರೆ ಸಾಕು. ಉರಿಯುವ ಬಲ್ಬಿನ ಫೋಟೋ ತೆಗೆದು, ರಾ ಹಿಸ್ಟೋಗ್ರಾಮ್ (ಎಷ್ಟು ಬೆಳಕಿನ ಪಿಕ್ಸೆಲ್‌ಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ) ಎಲ್ಲಿ ಗೋಡೆಗೆ ಬಡಿಯುತ್ತದೆ ಎಂದು ನೋಡಿ, ಅದಕ್ಕಿಂತ ಚೂರು ಕಮ್ಮಿ ಬರೆದೆ. ಒಂಬತ್ತು ಅಂಕಿಗೆ ಸ್ವಲ್ಪ ಕಳ್ಳದಾರಿ. ಅಡೋಬಿಯ ಡಿಎನ್‌ಜಿ ಕನ್ವರ್ಟರನ್ನು ವೈನ್‌ನಲ್ಲಿ (ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಓಡಿಸಿ ಒಂದೇ ಒಂದು ಫೋಟೋವನ್ನು ಡಿಎನ್‌ಜಿ ಎಂಬ ಅಡೋಬಿಯ ರಾ ರೂಪಕ್ಕೆ ಬದಲಾಯಿಸಿದೆ. ಅದರೊಳಗಿನ ಎರಡನೇ ಕಲರ್ ಮ್ಯಾಟ್ರಿಕ್ಸನ್ನು (ಆ ಒಂಬತ್ತು ಅಂಕಿಯ ಕೋಷ್ಟಕ) ಫೈಲಿನೊಳಗಿನ ಮಾಹಿತಿ ತೋರಿಸುವ ಎಕ್ಸಿಫ್‌ಟೂಲ್‌ನಿಂದ ಓದಿ, ಪ್ರತಿ ಅಂಕಿಯನ್ನು 10,000ದಿಂದ ಗುಣಿಸಿದೆ. ಉಳಿಸಿದೆ, ಮತ್ತೆ ತೆರೆದೆ. ಮೋಡ ಬಿಳಿ. ಆ ಖುಷಿ ಕ್ಯಾಮೆರಾ ಡಬ್ಬಿ ಬಿಚ್ಚಿದಾಗಲೂ ಆಗಿರಲಿಲ್ಲ.

ಹಾಗಾದರೆ ನಾನ್ನೂರನ್ನೂ ಡಿಎನ್‌ಜಿ ಮಾಡಿ ಡಾರ್ಕ್‌ಟೇಬಲ್‌ಗೆ ಕೊಡಬಹುದಿತ್ತಲ್ಲ ಅಂತ ಕೇಳಬಹುದು. ಕೊಟ್ಟೆ, ತೆರೆಯಿತು. ಆದರೆ ಪ್ರತಿ ಫೋಟೋಗೂ ಎರಡು ಪ್ರತಿ, ಪ್ರತಿ ಸಲ ವೈನ್. ನನ್ನ ಡಿಸ್ಕಿನಲ್ಲಿ ಅಷ್ಟು ಜಾಗವೂ ಇಲ್ಲ, ನನಗೆ ಅಷ್ಟು ತಾಳ್ಮೆಯೂ ಇಲ್ಲ.

ಡಾರ್ಕ್‌ಟೇಬಲ್‌ಗೆ ಅನ್ಯಾಯ ಮಾಡಬಾರದು. ಅವರು ವರ್ಷಕ್ಕೆ ಎರಡು ಸಲ, ಸುಮಾರು ಜೂನ್ ಮತ್ತು ಡಿಸೆಂಬರ್‌ಗೆ, ದೊಡ್ಡ ಆವೃತ್ತಿ ಕೊಡುತ್ತಾರೆ. ಮುಂದಿನದರಲ್ಲಿ ನನ್ನ ಕ್ಯಾಮೆರಾ ಬಂತು. ನಾನು ಬಳಸುವ ಲಿನಕ್ಸ್‌ನ ಸಾಫ್ಟ್‌ವೇರ್ ಭಂಡಾರದಲ್ಲಿ ಮಾತ್ರ ಹಳೆಯದೇ ಕೂತಿತ್ತು. ಆಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ಓಡಿಸಬಹುದಾದ ಒಂದೇ ಫೈಲಿನ ಪ್ರೋಗ್ರಾಮು) ಇಳಿಸಿ ಓಡಿಸಿದೆ. ಅದು ನನ್ನ ಹಳೆಯ ಡೇಟಾಬೇಸನ್ನು ಹೊಸ ರೂಪಕ್ಕೆ ಬದಲಾಯಿಸಿತು. ಆಮೇಲೆ ಹಳೆಯ ಡಾರ್ಕ್‌ಟೇಬಲ್ ಅದನ್ನು ಮುಟ್ಟಲಿಲ್ಲ. ಬದಲಾಯಿಸುವ ಮೊದಲು ಒಂದು ಬ್ಯಾಕಪ್ ಮಾಡಿಡುತ್ತದೆ, ಅದೇ ಉಳಿಸಿತು. ಪ್ರತ್ಯೇಕ ಜಾಗದಲ್ಲಿ ಓಡುವ ಫ್ಲ್ಯಾಟ್‌ಪ್ಯಾಕ್ ರೂಪದ್ದಾಗಿದ್ದರೆ ಸೆಟ್ಟಿಂಗ್ಸ್ ಬೇರೆ ಜಾಗದಲ್ಲಿರುತ್ತಿತ್ತು, ಈ ಪಾಡು ಬರುತ್ತಿರಲಿಲ್ಲ.

ಮಾಸ್ಕ್ (ಫೋಟೋದ ಒಂದು ಭಾಗವನ್ನಷ್ಟೇ ಆರಿಸಿ ತಿದ್ದುವುದು) ವಿಷಯದಲ್ಲಿ ಡಾರ್ಕ್‌ಟೇಬಲ್ ಬಹಳ ಮುಂದೆ. ಫೋಟೋ ಹುಡುಕಿ ಜೋಡಿಸಿಡುವುದರಲ್ಲೂ ಅಷ್ಟೇ. ರಾಥೆರಪಿಯಲ್ಲಿ ಕೆಲವು ಬದಲಾವಣೆಗಳು ನೂರಕ್ಕೆ ನೂರು ಜೂಮ್ ಮಾಡಿದರೆ ಮಾತ್ರ ಕಾಣುತ್ತವೆ, ಇದು ನಿಜಕ್ಕೂ ಕಿರಿಕಿರಿ. ಲೆನ್ಸ್‌ನ ದೋಷ ತಿದ್ದಲು ಎರಡೂ ಲೆನ್ಸ್‌ಫನ್ ಎಂಬ ಒಂದೇ ಲೈಬ್ರರಿಯನ್ನು ಬಳಸುತ್ತವೆ.

ನನ್ನ ಲ್ಯಾಪ್‌ಟಾಪಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇದ್ದ ದುಡ್ಡೆಲ್ಲ ಕ್ಯಾಮೆರಾಕ್ಕೆ ಹೋಯಿತು. ಡಾರ್ಕ್‌ಟೇಬಲ್‌ನ ಡಿಫ್ಯೂಸ್ ಆರ್ ಶಾರ್ಪನ್ (ಚಿತ್ರವನ್ನು ಮಸುಕು ಅಥವಾ ಚೂಪು ಮಾಡುವ ಸಾಧನ) ಒತ್ತಿದರೆ ಫ್ಯಾನ್ ಕೂಗುತ್ತದೆ, ನಾನು ಕಾಯುತ್ತೇನೆ. ನಾನು ಮಾಡುವುದಾದರೂ ಏನು? ಬೆಳಕು ತಿದ್ದುವುದು, ನಾಯ್ಸ್ ಇಳಿಸುವುದು, ಇಪ್ಪತ್ತು ಫೋಟೋ ಕ್ಯೂಗೆ ಹಾಕಿ ಎದ್ದು ಹೋಗುವುದು. ಅದಕ್ಕೆ ರಾಥೆರಪಿ ಧಾರಾಳವಾಯಿತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡಿದ್ದು, ಮುಖಕ್ಕೊಂದು ಆಕಾಶಕ್ಕೊಂದು ಮಾಸ್ಕ್ ಹಾಕಿ ಕೂರುವವರು ಡಾರ್ಕ್‌ಟೇಬಲ್‌ಗೇ ಹೋಗಿ. ಕ್ಯಾಮೆರಾ ಮಾತ್ರ ಆರು ತಿಂಗಳು ಹಳೆಯದಾದ ಮೇಲೆ ಕೊಳ್ಳಿ.